ಅತ್ತೆ ನನ್ನ ಫೇಲನ್ನು ಪ್ರಾರ್ಥನೆಗೆ ಇಟ್ಟದ್ದು

ನಾನು ಡಿಗ್ರಿ ಮುಗಿಸುವುದು ಆಗದ ಕೆಲಸ ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಬೆನ್ನ ಹಿಂದೆ ಹೇಳಲಿಲ್ಲ. ನಾನು ಇಂಟರ್, ಅಂದರೆ ಪಿಯುಸಿ, ಪಾಸಾಗಿ ಡಿಗ್ರಿ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದು ಕೂಕಟ್‌ಪಲ್ಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವ್ವ ಶಿರಾ ಮಾಡಿದ್ದಳು. ಅತ್ತೆ ಆ ಶಿರಾ ತಿನ್ನುತ್ತಲೇ ಹೇಳಿದಳು.

“ನಮ್ಮ ಮಂದ್ಯಾಗ ಇದು ಆಗೂದಲ್ಲ ಬಿಡು. ಒಂದು ವರ್ಷ ಹುರುಪಿನಾಗ ಹೋಗ್ತಾಳ. ಆಮ್ಯಾಲ ಪುಸ್ತಕ ಮಡಿಚಿ ಕುಂದ್ರತಾಳ. ಅಷ್ಟ್ರಾಗ ನಾನು ಒಂದು ಹುಡುಗನ್ನ ನೋಡಿ ಇಟ್ಟಿರ್ತೀನಿ. ಶಿರಾಕ್ಕ ತುಪ್ಪ ಸಾಲವಲ್ದು ನೋಡವ್ವ.”

ಅಪ್ಪ ನಕ್ಕ. ಅವ್ವ ತುಪ್ಪದ ಡಬ್ಬಿ ತಂದಳು. ನಾನು ನಗಲಿಲ್ಲ.

ಅಪ್ಪ ಶಾಲೆ ಅರ್ಧಕ್ಕೆ ಬಿಟ್ಟು ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದವನು. ಮಿಯಾಪುರದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಗೋಡೆಗೆ ಪುಟ್ಟಿ ಹಚ್ಚಿ, ಬಣ್ಣ ಬಳಿದು, ಕೊನೆಗೆ ಮೇಸ್ತ್ರಿ ಅನ್ನಿಸಿಕೊಂಡವನು. ಅವ್ವ ಒಂದು ಪ್ಲೇಸ್ಕೂಲಿನಲ್ಲಿ ಆಯಾ. ಎರಡೂ ಕಡೆಯ ಬಳಗದಲ್ಲಿ ಕಾಲೇಜಿನ ಗೇಟು ದಾಟಿದವರು ಯಾರೂ ಇರಲಿಲ್ಲ. ನಾನು ದಾಟಿದೆ. ಓದಿದ್ದೆಲ್ಲ ಸರ್ಕಾರಿ ಶಾಲೆಯಲ್ಲಿ, ತೆಲುಗಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಸಂಡೇಸ್ಕೂಲಿನಲ್ಲಿ, ಕೀರ್ತನೆಯ ಪುಸ್ತಕದ ಮೇಲೆ ಬೆರಳಿಟ್ಟು. ಇಂಗ್ಲಿಷು ಕಾಲೇಜಿಗೆ ಹೋದ ಮೇಲೆ ಗೋಡೆಗೆ ತಲೆ ಚಚ್ಚಿಕೊಂಡು ಕಲಿತದ್ದು. ಈ ಹೆಮ್ಮೆಯನ್ನು ಮುಚ್ಚಿಡಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಆ ಡಿಗ್ರಿ ನನ್ನ ಕೈಗೆ ಬಂದ ದಾರಿಯ ಬಗ್ಗೆ ಯೋಚಿಸಿದರೆ ಮಾತ್ರ ನನಗೆ ಇವತ್ತಿಗೂ ಒಂದು ಅನುಮಾನ ಕಾಡುತ್ತದೆ. ಅದನ್ನೇ ಬರೆಯುತ್ತಿದ್ದೇನೆ.

ನಮ್ಮದು ಕನ್ನಡ ಸಭೆ. ಬೀದರ್, ಜಹೀರಾಬಾದ್ ಕಡೆಯ ಹಳೆಯ ಕ್ರೈಸ್ತ ಕುಟುಂಬಗಳು, ಜೊತೆಗೆ ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕಂಪನಿ ಕೆಲಸಕ್ಕೆ ಬಂದವರು. ಸ್ವಂತ ಆಲಯವಿಲ್ಲ. ತೆಲುಗು ಸಭೆಯವರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ, ಅವರ ಹಾಲೇ ನಮಗೆ ಆಲಯ. ಅವರು ತಮ್ಮ ಕೀಬೋರ್ಡಿಗೆ ಬಟ್ಟೆ ಹೊದಿಸಿ, ಮೈಕಿನ ಪೆಟ್ಟಿಗೆಗೆ ಬೀಗ ಹಾಕಿ, ನಮ್ಮನ್ನು ನೋಡಿ “ವಂದನಾಲಂಡಿ” ಎಂದು ನಗುತ್ತ ಹೋಗುತ್ತಿದ್ದರು. ನಾವು ನಮ್ಮ ತಬಲಾ, ತಾಳ ತೆಗೆಯುತ್ತಿದ್ದೆವು.

ಅತ್ತೆ ಈ ಸಭೆಯಲ್ಲಿ ಸುಮ್ಮನೆ ಒಬ್ಬಳಲ್ಲ. ಸ್ತ್ರೀಯರ ಸಂಘದ ಪರವಾಗಿ ಮನೆ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬರುವವಳು ಆಕೆಯೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಯಾರಿಗೆ ಜ್ವರ, ಯಾರ ಮನೆಯಲ್ಲಿ ಹೆರಿಗೆ, ಯಾರನ್ನು ಗಾಂಧಿ ಆಸ್ಪತ್ರೆಗೆ ಸೇರಿಸಿದ್ದಾರೆ, ಎಲ್ಲವೂ ಆಕೆಗೆ ಪಾಸ್ಟರಿಗಿಂತ ಮೊದಲು ಗೊತ್ತು. ಚೀಲದಲ್ಲಿ ಒಂದು ಬಾಟಲಿ ನೀರು, ಒಂದು ಕೊಬ್ಬರಿ ಎಣ್ಣೆ ಸೀಸೆ, ಕೀರ್ತನೆಯ ಪುಸ್ತಕ ಹಾಕಿಕೊಂಡು ಬಸ್ಸು ಹತ್ತಿಬಿಡುತ್ತಿದ್ದಳು. ಹೋದಲ್ಲಿ ಮಂಡಿಯೂರಿ ಕಣ್ಣೀರು ಹಾಕಿ ಪ್ರಾರ್ಥಿಸುತ್ತಿದ್ದಳು. ಬಂದಲ್ಲಿ ಎಲ್ಲವನ್ನೂ ಹೇಳುತ್ತಿದ್ದಳು.

ಹೇಳುವುದೆಂದರೆ ಚಾಡಿಯ ಹಾಗೆ ಅಲ್ಲ. ನಮ್ಮಲ್ಲಿ ಚಾಡಿ ಪಾಪ. ಪ್ರಾರ್ಥನೆಯ ವಿಷಯ ಪಾಪವಲ್ಲ. ಆದ್ದರಿಂದ ಅತ್ತೆ ಪ್ರತಿಯೊಂದನ್ನೂ ಪ್ರಾರ್ಥನೆಯ ವಿಷಯ ಮಾಡಿ ಹೇಳುತ್ತಿದ್ದಳು. “ಆ ಮನಿ ಸಲುವಾಗಿ ಪ್ರಾರ್ಥನಾ ಮಾಡ್ರೆವ್ವ. ಗಂಡ ಹೆಂಡತಿ ನಡುವ ಮಾತಿಲ್ಲ. ಹಾಸಿಗಿ ಬ್ಯಾರೆ ಬ್ಯಾರೆ ಆಗ್ಯಾವ.” ಕೇಳಿದ ಹೆಂಗಸರು ಅಯ್ಯೋ ದೇವರೇ ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡು, “ಯಾವಾಗಿಂದ್ರಿ?” ಎಂದು ಕೇಳುತ್ತಿದ್ದರು. ಸರಿಯಾಗಿ ಪ್ರಾರ್ಥಿಸಬೇಕಾದರೆ ವಿವರ ಬೇಕಲ್ಲ.

ಬೇರೆಯವರ ಮನೆಯೊಳಗೆ ಏನಿದೆ ಎಂದು ನೋಡುವ ಚಟವೇ ಆಕೆಯನ್ನು ಯಾರೂ ಹೋಗದ ಮನೆಗಳಿಗೂ ಕರೆದೊಯ್ಯುತ್ತಿತ್ತು ಎಂದು ನನ್ನ ಲೆಕ್ಕ. ಒಮ್ಮೆ ಕ್ಷಯದ ಒಬ್ಬ ಮುದುಕಿಯ ಹತ್ತಿರ ಅವಳ ಸೊಸೆಯೇ ಸುಳಿಯುತ್ತಿರಲಿಲ್ಲ. ಅತ್ತೆ ಹೋಗಿ, ತಲೆಗೆ ಎಣ್ಣೆ ಹಚ್ಚಿ, ಬಾಚಿ, ಗಂಜಿ ಕುಡಿಸಿ ಬಂದಳು. ಬಂದವಳೇ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು ಆ ಸೊಸೆಯ ಅಡುಗೆಮನೆ ಎಷ್ಟು ಹೊಲಸಾಗಿದೆ ಎಂದು ಬಹಳ ಹೊತ್ತು ವರ್ಣಿಸಿದಳು. ಇದರಲ್ಲಿ ಯಾವುದು ಸೇವೆ, ಯಾವುದು ಚಟ ಎಂದು ಬಿಡಿಸಿ ಹೇಳಲು ನನಗೆ ಆಗಲಿಲ್ಲ. ಈಗಲೂ ಆಗುವುದಿಲ್ಲ.

ಪಾಸ್ಟರ್ ಮಾತ್ರ ಸುಲಭವಾಗಿ ಹೇಳುತ್ತಿದ್ದರು: ದೇವರು ಕುಂದಿಲ್ಲದವರನ್ನು ಕಾಯುತ್ತ ಕೂರುವುದಿಲ್ಲ, ಸಿಕ್ಕವರಿಂದಲೇ ಕೆಲಸ ಮಾಡಿಸುತ್ತಾನೆ, ಬೈಬಲಿನಲ್ಲಿ ಅಣ್ಣನಿಗೆ ಮೋಸ ಮಾಡಿದವನನ್ನು ಬಳಸಿದ, ಗುರುವನ್ನು ಗೊತ್ತೇ ಇಲ್ಲ ಎಂದವನನ್ನು ಬಳಸಿದ, ನಮ್ಮನ್ನೂ ಬಳಸುತ್ತಾನೆ. ಒಳ್ಳೆಯ ಪ್ರಸಂಗವೇ, ಅಂದರೆ ಪ್ರವಚನವೇ. ಆದರೆ ನಾನು ಗಮನಿಸಿದ್ದು ಬೇರೆ. ಈ ಪ್ರಸಂಗ ಬರುತ್ತಿದ್ದದ್ದು ಸಭೆಯಲ್ಲಿ ಯಾರಾದರೂ ಸಿಕ್ಕಿಬಿದ್ದ ವಾರ. ಕಮಿಟಿಯ ಹಿರಿಯರೊಬ್ಬರು ಕುಡಿದು ಮೆಟ್ರೋ ಸ್ಟೇಷನ್ನಿನಲ್ಲಿ ಜಗಳಾಡಿದ ವಾರ ಬಂತು. ಕೀರ್ತನೆ ಹಾಡಿಸುವ ಇಬ್ಬರು ಮುಂದಿನ ಸಾಲಿಗಾಗಿ ಬಡಿದಾಡಿಕೊಂಡ ವಾರವೂ ಬಂತು. ಹಾಗಾಗಿ ಆ ಮಾತು ಕೇಳಿದಾಗಲೆಲ್ಲ ನಾನು ತಲೆ ತಿರುಗಿಸಿ, ಈ ಸಲ ಯಾರು, ಎಂದು ಹುಡುಕುತ್ತಿದ್ದೆ.

ಅಪ್ಪ ನನ್ನನ್ನು ಕಾಲೇಜಿಗೆ ಕಳಿಸಿದ್ದು ಒಂದೇ ಒಂದು ಮಾತಿನ ಮೇಲೆ. “ಫೇಲ್ ಆದಿ ಅಂದ್ರ ಅವತ್ತಿಗೆ ಮುಗೀತು. ಮುಂದ ನನಗ ಕೇಳಬ್ಯಾಡ.” ಅತ್ತೆ ಹೇಳಿದ ಹುಡುಗ ಅಷ್ಟರಲ್ಲಿ ಸಿದ್ಧನಾಗಿದ್ದ. ಆಕೆಯ ಗಂಡನ ಕಡೆಯವನು, ಜಹೀರಾಬಾದಿನಲ್ಲಿ ಟೈರಿನ ಅಂಗಡಿ. ಅವನ ಮೇಲೆ ನನಗೆ ಕೋಪವಿರಲಿಲ್ಲ. ಅವನ ಫೋಟೋ ನಮ್ಮ ಮನೆಯ ಟಿವಿಯ ಪಕ್ಕ ಬಂದು ಕೂತದ್ದರ ಮೇಲೆ ಕೋಪವಿತ್ತು.

ಎರಡನೇ ವರ್ಷ ನಾನು ಸ್ಟಾಟಿಸ್ಟಿಕ್ಸ್‌ನಲ್ಲಿ ಬಿದ್ದೆ. ಬಿ.ಕಾಂ.ನ ಉಳಿದ ವಿಷಯಗಳನ್ನು ಬಾಯಿಪಾಠ ಮಾಡಿ ಹೇಗೋ ದಾಟಿಸಿದ್ದೆ. ಈ ವಿಷಯ ಬಾಯಿಪಾಠಕ್ಕೆ ಒಗ್ಗಲಿಲ್ಲ. ಫೋನಿನಲ್ಲಿ ರಿಸಲ್ಟ್ ನೋಡಿದ ಮೇಲೆ ಅವ್ವನಿಗೆ ಹೇಳಿದೆ. ಅವ್ವ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, “ನಿಮ್ಮಪ್ಪಗ ಹೇಳಬ್ಯಾಡ. ಮುಂದಿನ ಸಲ ಕಟ್ಟಿ ಪಾಸ್ ಮಾಡು. ಅಲ್ಲಿ ತನಕ ನನಗೂ ನಿನಗೂ ಬಿಟ್ಟು ಯಾರಿಗೂ ಗೊತ್ತಾಗೂದಿಲ್ಲ,” ಎಂದಳು.

ಆ ವಾರವೇ ಅವ್ವ ಅತ್ತೆಗೆ ಹೇಳಿದಳು.

ನಾನು ಕಿರುಚಾಡಿದೆ. ಅವ್ವ ನಿಜಕ್ಕೂ ಬೆರಗಾದಳು. “ನಾ ಸುಮ್ನ ಹೇಳಿಲ್ಲವಾ. ಪ್ರಾರ್ಥನಿಗಂತ ಹೇಳೀನಿ.” ಪ್ರಾರ್ಥನೆಗೆಂದು ಹೇಳಿದ್ದು ನೇರ ದೇವರಿಗೆ ಹೋಗುತ್ತದೆ, ದಾರಿಯಲ್ಲಿ ಎಲ್ಲೂ ಇಳಿಯುವುದಿಲ್ಲ ಎಂದು ನಮ್ಮ ಸಭೆಯ ಅರ್ಧ ಹೆಂಗಸರು ನಂಬಿದ್ದರು. ಅತ್ತೆಯನ್ನು ಅಷ್ಟು ವರ್ಷ ನೋಡಿದ ಮೇಲೂ ನಂಬಿದ್ದರು. ಹೊರಗಿನವರಿಗೆ ಈ ತಪ್ಪು ಅರ್ಥವಾಗಲಿಕ್ಕಿಲ್ಲ. ನಮ್ಮವರು ಇದನ್ನು ಮತ್ತೆ ಮತ್ತೆ ಮಾಡುತ್ತಾರೆ.

ಶನಿವಾರ ಸಂಜೆ ಮನೆಕೂಟ ಇರುತ್ತಿತ್ತು, ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ಆ ಶನಿವಾರ ಮಿಯಾಪುರದ ಒಂದು ಫ್ಲ್ಯಾಟಿನಲ್ಲಿ. ಆ ಕಟ್ಟಡಕ್ಕೆ ಬಣ್ಣ ಹಚ್ಚಿದ್ದು ಅಪ್ಪನ ಗ್ಯಾಂಗೇ. ಅಪ್ಪ ಲಿಫ್ಟಿನಿಂದ ಇಳಿದವನೇ ಕಾರಿಡಾರಿನ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದ. ಒಳಗೆ ನೆಲಕ್ಕೆ ಬೆಡ್‌ಶೀಟ್ ಹಾಸಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಜಾಗ ಸಾಲದೆ ನಾನು ಅಪ್ಪನ ಬೆನ್ನ ಹಿಂದೆಯೇ ಕೂತಿದ್ದೆ.

ಹಾಡು ಆಯಿತು, ಬೈಬಲ್ ವಾಕ್ಯ ಆಯಿತು. ಪಾಸ್ಟರ್, “ಪ್ರಾರ್ಥನೆಯ ವಿಷಯ ಏನಾದ್ರೂ ಅವೇನ್ರಿ?” ಎಂದು ಕೇಳಿದರು. ಒಬ್ಬರು ಮಂಡಿನೋವು ಹೇಳಿದರು. ಇನ್ನೊಬ್ಬರು ಮಗನ ವೀಸಾ ಹೇಳಿದರು. ಅತ್ತೆ ಬಾಯಿ ಬಿಡಲಿಲ್ಲ. ಬದುಕಿದೆ ಎಂದುಕೊಂಡೆ.

ಆಮೇಲೆ ಎಲ್ಲರೂ ಮಂಡಿಯೂರಿ ಒಬ್ಬೊಬ್ಬರಾಗಿ ಪ್ರಾರ್ಥಿಸುವ ಹೊತ್ತು. ಅತ್ತೆಯ ಸರದಿ ಬಂತು. ಆಕೆ ಗಂಟಲು ಸರಿ ಮಾಡಿಕೊಂಡಳು.

“ತಂದೀ, ನಿನಗ ಎಲ್ಲಾ ಗೊತ್ತು. ನನ್ನ ತಮ್ಮನ ಮಗಳು ಕಾಲೇಜಿಗೆ ಹೋಗೂದು ನಿನಗ ಗೊತ್ತು. ಆಕಿ ಸ್ಟಾಟಿಸ್ಟಿಕ್ಸ್‌ನಾಗ ಬಿದ್ದದ್ದೂ ನಿನಗ ಗೊತ್ತು. ಮನ್ಯಾಗ ಹೇಳಾಕ ಹೆದರಿ ತಾಯಿ ಮಗಳು ಕೂಡಿ ಅಳಾಕತ್ತದ್ದೂ ನಿನಗ ಗೊತ್ತು. ನನ್ನ ತಮ್ಮಗ ಸಿಟ್ಟು ಭಾಳ, ಅದೂ ನಿನಗ ಗೊತ್ತು. ಆ ಸಿಟ್ಟು ಕಟ್ಟಿ ಹಾಕಪ್ಪಾ. ಬಿದ್ದ ಕೂಸನ್ನ ಎಬ್ಬಿಸಪ್ಪಾ. ಆಕಿ ಪಾಸ್ ಆಗೂ ತನಕ ಈ ಸಭಿಯವ್ರಿಗೆ ನಿದ್ದಿ ಕೊಡಬ್ಯಾಡಪ್ಪಾ...”

ದೇವರಿಗೆ ಗೊತ್ತಿದ್ದದ್ದನ್ನೆಲ್ಲ ಆ ಕೋಣೆಗೂ ಗೊತ್ತು ಮಾಡಿದಳು. ಪ್ರಾರ್ಥನೆಯ ನಡುವೆ ಯಾರೂ ಮಾತಾಡುವಂತಿಲ್ಲ, ಏಳುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ನಾನು ತೆರೆದೆ. ಅಪ್ಪನ ಕತ್ತಿನ ಹಿಂಭಾಗ ಕೆಂಪಾಗುತ್ತಿತ್ತು. ಅವ್ವ ಸೆರಗಿನೊಳಗೆ ಮುಖ ಹುದುಗಿಸಿದ್ದಳು. ಅತ್ತೆ ಮುಗಿಸಿದಾಗ ಎಲ್ಲರೂ “ಆಮೆನ್” ಎಂದರು. ಒಂದು ಕ್ಷಣ ತಡವಾಗಿ ಅಪ್ಪನೂ ಅಂದ. ಅನ್ನದೆ ಏನು ಮಾಡುತ್ತಾನೆ.

ಉಪ್ಪಿಟ್ಟು, ಚಹಾ ಬಂತು. ಮನೆಯ ಯಜಮಾನರು, ಸರ್ಕಾರಿ ಆಫೀಸಿನಿಂದ ರಿಟೈರಾದವರು, ಅಪ್ಪನ ಪಕ್ಕ ಬಂದು ಕೂತರು.

“ಏನ್ರಿ ಮೇಸ್ತ್ರಿ, ಮಗಳು ಬಿ.ಕಾಂ. ಏನ್ರಿ? ನೀವು ಹೇಳೇ ಇಲ್ಲಲ್ರಿ.”

“ಹೂಂನ್ರಿ.”

“ಸ್ಟಾಟಿಸ್ಟಿಕ್ಸ್ ಭಾಳ ಕಠಿಣ ಬಿಡ್ರಿ. ನಮ್ಮ ಹುಡುಗ ಎರಡು ಸಲ ಬಿದ್ದಿದ್ದ. ಈಗ ನೋಡ್ರಿ, ಬ್ಯಾಂಕಿನಾಗ ಅದಾನ.”

ಅವರ ಹೆಂಡತಿ ಅಡುಗೆಮನೆಯಿಂದಲೇ, “ಮೂರು ಸಲ,” ಎಂದರು.

ಷೇರ್ ಆಟೋದಲ್ಲಿ ಮನೆಗೆ ಬಂದೆವು. ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ ಅಪ್ಪ ಕೇಳಿದ.

“ಯಾವಾಗ ಬಿದ್ದಿ?”

“ಹೋದ ಸೆಮಿಸ್ಟರ್.”

“ನನಗ ಮಂಡಿ ಊರಿ ಕುಂತಾಗ ಗೊತ್ತಾಗಬೇಕೇನು? ಮಂದಿ ಮುಂದ?” ಅವ್ವನ ಕಡೆ ತಿರುಗಿದ. “ಸಾಕು ಇನ್ನ. ಪರೀಕ್ಷಾ ಕಟ್ಟೂದು ಬ್ಯಾಡ. ಜಹೀರಾಬಾದಿನವರಿಗೆ ಬರ್ರಿ ಅಂತ ಹೇಳ್ತೀನಿ.”

ಅಪ್ಪನ ಸಿಟ್ಟನ್ನು ಕಟ್ಟಿಹಾಕು ಎಂದು ಬೇಡಿದ್ದೇ ಅದನ್ನು ಬಿಚ್ಚಿಬಿಟ್ಟಿತ್ತು. ಅತ್ತೆ ಬೇಕೆಂದೇ ಮಾಡಿದ್ದಾಳೆ ಎಂದು ನನಗೆ ಆ ಹೊತ್ತಿನಲ್ಲಿ ಎಳ್ಳಷ್ಟೂ ಸಂಶಯ ಇರಲಿಲ್ಲ. ಹುಡುಗ ಆಕೆಯ ಕಡೆಯವನು. ನಾನು ಓದು ಮುಗಿಸುವುದಿಲ್ಲ ಎಂದು ಹೇಳಿದವಳೂ ಆಕೆಯೇ. ತನ್ನ ಮಾತು ನಿಜವಾಗಲಿ ಎಂದು ದೇವರನ್ನೇ ನಡುವೆ ತಂದಿದ್ದಾಳೆ. ಮರುದಿನ ಆಲಯದ ಬಾಗಿಲಲ್ಲೇ ಹಿಡಿದು ಕೇಳಿದೆ.

“ಅತ್ತಿ, ನಿನಗೇನು ಸಿಕ್ತು? ಅಪ್ಪಗ ಯಾಕ ಹೇಳಿದಿ?”

“ನಿಮ್ಮಪ್ಪಗ ನಾ ಎಲ್ಲಿ ಹೇಳೀನಿ?” ಅತ್ತೆ ಕಣ್ಣರಳಿಸಿದಳು. “ನಾ ದೇವ್ರಿಗೆ ಹೇಳಾಕತ್ತಿದ್ದೆ. ನಡುವ ನಿಮ್ಮಪ್ಪ ಯಾಕ ಕೇಳಬೇಕಿತ್ತು? ಪ್ರಾರ್ಥನ್ಯಾಗ ಅಂವಾ ತನ್ನ ಪಾಪದ ವಿಚಾರ ಮಾಡಬೇಕು.”

ಹೇಳಿ, ಚೀಲ ಹೆಗಲಿಗೇರಿಸಿ ಒಳಗೆ ನಡೆದಳು.

ಆದರೆ ಅದೇ ಮಧ್ಯಾಹ್ನ ಇನ್ನೊಂದು ನಡೆಯಿತು. ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಒಮ್ಮೆ ಪ್ರಾರ್ಥನೆಗೆ ಇಟ್ಟ ವಿಷಯವನ್ನು ಹಾಗೆಯೇ ಬಿಡುವುದಿಲ್ಲ. ರೋಗಿ ಗುಣವಾದನೇ, ವೀಸಾ ಬಂತೇ, ಎಂದು ಪಾಸ್ಟರ್ ಪ್ರತಿ ವಾರ ಎಲ್ಲರೆದುರು ಕೇಳುತ್ತಾರೆ. ಉತ್ತರ ಸಿಕ್ಕಿ, ಕೃತಜ್ಞತೆ ಸಲ್ಲಿಸಿದ ಮೇಲೆಯೇ ಆ ವಿಷಯ ಮುಗಿದ ಹಾಗೆ. ನಡುವೆ ಹಿಂದಕ್ಕೆ ತೆಗೆದುಕೊಂಡವರನ್ನು ನಾನು ಕಂಡಿಲ್ಲ. ಹಾಗೆ ತೆಗೆದುಕೊಂಡರೆ ಇಡೀ ಸಭೆ ಬೇಡಿದ್ದನ್ನು ಒಬ್ಬರು ಬೇಡ ಅಂದ ಹಾಗೆ.

ಮಂಡಿನೋವು ಕೇಳಿದರು, ವೀಸಾ ಕೇಳಿದರು. ಆಮೇಲೆ ಪಾಸ್ಟರ್, “ನಮ್ಮ ಮೇಸ್ತ್ರಿಯವರ ಮಗಳ ವಿಷಯ ಏನಾತ್ರಿ? ಮತ್ತ ಪರೀಕ್ಷಾ ಯಾವಾಗ ಐತಿ?” ಎಂದರು.

ಅಪ್ಪ ಎದ್ದು ನಿಂತ. ಹಿಂದಿನ ಸಂಜೆ ಮನೆಯಲ್ಲಿ ಹೇಳಿದ್ದನ್ನು ಅಲ್ಲಿ ಹೇಳಬಹುದಿತ್ತು. ಎಲ್ಲರ ಮುಖವೂ ಅವನ ಕಡೆಗೇ ಇತ್ತು. ರಿಟೈರಾದ ಯಜಮಾನರು ಧೈರ್ಯ ಹೇಳುವವರ ಹಾಗೆ ತಲೆಯಾಡಿಸುತ್ತಿದ್ದರು.

“ತಯಾರಿ ನಡದೈತ್ರಿ,” ಎಂದ ಅಪ್ಪ.

“ದೇವರಿಗೆ ಸ್ತೋತ್ರ,” ಎಂದಿತು ಸಭೆ.

ಅಪ್ಪ ಆಲಯದಲ್ಲಿ ನಿಂತು ಸುಳ್ಳು ಹೇಳಿದ್ದ. ಆ ಸುಳ್ಳನ್ನು ನಿಜ ಮಾಡುವ ಹೊರೆ ನನ್ನ ಮೇಲೆ ಬಿತ್ತು. ಮನೆಗೆ ಬಂದು, “ಒಂದು ಸಲ ಕಟ್ಟು. ಒಂದೇ ಸಲ. ಬಿದ್ದಿ ಅಂದ್ರ ನಾನಾ ಎದ್ದು ನಿಂತು ಸಭಿಗೆ ಹೇಳ್ತೀನಿ, ಮುಗೀತು ಅಂತ,” ಎಂದ.

ಒಂದು ಅವಕಾಶವೇನೋ ಸಿಕ್ಕಿತು. ವಿಷಯ ತಲೆಗೆ ಹತ್ತಬೇಕಲ್ಲ.

ಮುಂದಿನ ವಾರ ಚಪ್ಪಲಿ ಬಿಡುವ ಜಾಗದಲ್ಲಿ ಒಬ್ಬ ನನ್ನನ್ನು ನಿಲ್ಲಿಸಿದ. ಮೈಸೂರಿನವನು, ಮಣಿಕೊಂಡದಲ್ಲಿ ಒಂದು ಕಂಪನಿಯಲ್ಲಿ ಕೆಲಸ, ನಲವತ್ತರ ಆಸುಪಾಸು. ಆರಾಧನೆಗೆ ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತು, ಕಾಣಿಕೆಯ ಚೀಲ ಬರುವ ಮೊದಲೇ ಸಿಗರೇಟಿಗೆ ಎದ್ದು ಹೋಗುವವನು. ಅವನ ಹೆಂಡತಿ ಬಿಟ್ಟು ಹೋಗಿದ್ದಾಳೆ ಎಂದು ನಮಗೆಲ್ಲ ಗೊತ್ತಿತ್ತು. ಹೇಗೆ ಎಂದು ಬೇರೆ ಹೇಳಬೇಕಿಲ್ಲ. ಅತ್ತೆ ಅವನ ಸಂಸಾರಕ್ಕಾಗಿ ಒಂದು ಶನಿವಾರ ಕಣ್ಣೀರಿಟ್ಟು ಬೇಡಿಕೊಂಡಿದ್ದಳು, ಅವನ ಎದುರಿನಲ್ಲೇ.

“ನಾನು ಓದಿದ್ದು ಅದೇ ಸಬ್ಜೆಕ್ಟು,” ಎಂದ. “ಬೇಕಾದ್ರೆ ಹೇಳ್ಕೊಡ್ತೀನಿ.”

“ಯಾಕ?” ಎಂದೆ. ನಾನು ಧನ್ಯವಾದ ಹೇಳುವ ಪೈಕಿ ಅಲ್ಲ.

ಅವನಿಗೆ ನನ್ನ ಪ್ರಶ್ನೆ ಇಷ್ಟವಾದಂತೆ ಕಂಡಿತು. “ನಿಮ್ಮತ್ತೆ ಗೆಲ್ಲಬಾರದು ಅಂತ. ನನ್ನನ್ನೂ ಹೀಗೇ ಎಲ್ಲರ ಮುಂದೆ ಹರಾಜು ಹಾಕಿದ್ರು ಆಯಮ್ಮ. ನೀನು ಫೇಲಾಗ್ತೀಯ ಅಂತ ಅವರಿಗೆ ಖಾತ್ರಿ ಇದೆ. ಅದೊಂದು ಸುಳ್ಳಾಗಲಿ, ನೋಡೋಣ.”

“ದೇವರ ಸಲುವಾಗಿ ಅಲ್ಲ?”

“ದೇವರ ಹತ್ರ ನನಗೆ ಸದ್ಯಕ್ಕೆ ಮಾತುಕತೆ ಇಲ್ಲ. ಇಲ್ಲಿಗೆ ಬರೋದು ಕನ್ನಡ ಕಿವಿಗೆ ಬೀಳಲಿ ಅಂತ.”

ಅವನು ಒಳ್ಳೆಯ ಮಾತು ಆಡಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಹಗೆ ನನಗೆ ಅರ್ಥವಾಗುವ ಕಾರಣವಾಗಿತ್ತು.

ಅವ್ವ ಒಪ್ಪಲಿಲ್ಲ. ಹೆಂಡತಿ ಬಿಟ್ಟವನು, ಮದುವೆಯ ವಯಸ್ಸಿನ ಹುಡುಗಿ, ಮಂದಿ ಏನಂದಾರು. ಅಪ್ಪ ಹಲ್ಲು ಕಚ್ಚಿದ. ಆಗ ದಾರಿ ತೋರಿಸಿದವಳು ಮತ್ತೆ ಅತ್ತೆಯೇ. “ಆಲಯದಾಗ ಕುಂತು ಹೇಳಿಕೊಡ್ಲಿ. ಬಾಗಲಾ ತೆರದಿರಲಿ. ನಾ ಕುಂದ್ರತೀನಿ.” ಆಕೆಗೆ ಅಲ್ಲಿ ಕೂರುವ ಆಸೆ ಏಕೆ ಎಂದು ನನಗೆ ಗೊತ್ತಿತ್ತು. ಅವನ ಸಂಸಾರದ ಕಥೆಯ ಕೊನೆಯ ಭಾಗ ಆಕೆಗೆ ಇನ್ನೂ ಸಿಕ್ಕಿರಲಿಲ್ಲ.

ಹೀಗೆ ಭಾನುವಾರ, ತೆಲುಗಿನವರು ಹೋಗಿ ನಮ್ಮವರು ಬರುವ ನಡುವಿನ ಬಿಡುವಿನಲ್ಲಿ, ಕೊನೆಯ ಬೆಂಚಿನ ಮೇಲೆ ನನ್ನ ಪಾಠ. ಅತ್ತೆ ಎದುರಿನ ಬೆಂಚನ್ನು ನಮ್ಮ ಕಡೆ ತಿರುಗಿಸಿಕೊಂಡು, ಮಡಿಲಲ್ಲಿ ಮೆಂತ್ಯದ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದಳು. ನಮ್ಮ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಆರಾಧನೆ ಮುಗಿಯುವಷ್ಟರಲ್ಲಿ, ಅವನು ಏನು ಹೇಳಿದ, ನಾನು ಯಾವ ಲೆಕ್ಕ ತಪ್ಪಿದೆ, ಎಲ್ಲವೂ ಎಲ್ಲರಿಗೂ ತಲುಪುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಒಂದನ್ನು ಹೇಳಬೇಕು. ನಮ್ಮಿಬ್ಬರ ಬಗ್ಗೆ ಸಭೆಯಲ್ಲಿ ಒಂದೇ ಒಂದು ಕೆಟ್ಟ ಮಾತು ಹುಟ್ಟಲಿಲ್ಲ. ಹುಟ್ಟಲು ಜಾಗವೇ ಇರಲಿಲ್ಲ. ಊಹಿಸುವುದಕ್ಕೆ ಅತ್ತೆ ಯಾರಿಗೂ ಏನನ್ನೂ ಉಳಿಸಿರಲಿಲ್ಲ. ಒಳ್ಳೆಯ ಹೆಂಗಸೊಬ್ಬಳು, ಬಾಯಿ ಬಿಗಿಹಿಡಿಯುವವಳು, ಆ ಬೆಂಚಿನಲ್ಲಿ ಕೂತಿದ್ದರೆ ನನ್ನ ಹೆಸರು ಉಳಿಯುತ್ತಿತ್ತೋ ಇಲ್ಲವೋ.

ಅವನು ಸಾಧುವಾದ ಮೇಷ್ಟ್ರಲ್ಲ. ಕೂಗುತ್ತಿದ್ದ. ನಾನು ಸೂತ್ರ ಒಪ್ಪಿಸಿದರೆ, “ಗಿಣಿ ಬೇಡ ನನಗೆ, ಹಾಗಂದ್ರೇನು ಹೇಳು!” ಎನ್ನುತ್ತಿದ್ದ. ಒಮ್ಮೆ ಪೆನ್ಸಿಲ್ ಎಸೆದ. ಅದು ತೆಲುಗಿನವರ ಕೀಬೋರ್ಡಿನ ಹೊದಿಕೆಗೆ ಬಡಿದು ಬಿತ್ತು.

ಅತ್ತೆ ಸೊಪ್ಪಿನಿಂದ ಕೈ ತೆಗೆದಳು. “ಏ ತಮ್ಮಾ, ಹುಡುಗಿ ಮ್ಯಾಲ ಒದರಬ್ಯಾಡ. ನಿನ್ನ ಹೇಣ್ತಿ ಇದಕ್ಕ ಹೋಗಿರಬೇಕು ನೋಡು.”

ಅವನು ಎದ್ದು ಹೊರಗೆ ಹೋದ. ಮುಗಿಯಿತು, ನನ್ನ ಬಿ.ಕಾಂ. ಸಿಗರೇಟಿನ ಜೊತೆ ಹೊರಗೆ ನಡೆಯಿತು ಎಂದುಕೊಂಡೆ. ಅತ್ತೆ ಏನೂ ಆಗದವಳಂತೆ ಸೊಪ್ಪು ಬಿಡಿಸುತ್ತಿದ್ದಳು. ಅವನು ಬಹಳ ಹೊತ್ತಿನ ಮೇಲೆ ಬಂದ. ಪೆನ್ಸಿಲ್ ಹುಡುಕಿ ತೆಗೆದ. “ಇರಬಹುದು ಅಮ್ಮ,” ಎಂದು ಅತ್ತೆಗೆ ಹೇಳಿ, ನನ್ನ ಪಕ್ಕ ಕೂತು, ಬಿಟ್ಟಲ್ಲಿಂದ ಮೆಲ್ಲಗೆ ಶುರು ಮಾಡಿದ.

ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನುವುದು ನನಗೆ ಅರ್ಥವಾದದ್ದು ಅವತ್ತೇ. ಅವನು ಪುಸ್ತಕ ಮುಚ್ಚಿ, ನಮ್ಮ ಸಭೆಯಲ್ಲಿ ಯಾರು ಎಷ್ಟು ಹೊತ್ತು ಪ್ರಾರ್ಥಿಸುತ್ತಾರೆ ಎಂದು ನನ್ನಿಂದಲೇ ಬರೆಸಿದ. ಪಾಸ್ಟರ್ ಇಷ್ಟು ನಿಮಿಷ, ರಿಟೈರಾದವರು ಇಷ್ಟು, ಅಪ್ಪನದು ಒಂದೇ ವಾಕ್ಯ. ಸರಾಸರಿ ತೆಗೆಸಿದ. ಈಗ ಒಬ್ಬೊಬ್ಬರೂ ಅದರಿಂದ ಎಷ್ಟು ಆಚೆ ನಿಂತಿದ್ದಾರೆ ನೋಡು ಎಂದ.

“ನನ್ನ ಹೆಸರು ಯಾಕ ಬಂತು ಅದ್ರಾಗ?” ಎಂದಳು ಅತ್ತೆ.

“ನೀವು ಸರಾಸರಿಯಿಂದ ತುಂಬಾ ದೂರ ಇದ್ದೀರ ಅಮ್ಮ.”

“ದೇವ್ರಿಗೆ ಹತ್ರ ಅದೀನಿ, ಸಾಕು.”

ಅವನು ನಕ್ಕ. ಅವನು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ. ನಾನೂ ನಕ್ಕೆ, ಲೆಕ್ಕವನ್ನೂ ಮಾಡಿದೆ. ಸರಿ ಬಂತು.

ಇತ್ತ ಜಹೀರಾಬಾದಿನವರು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವರಿಗೆ ಉತ್ತರ ಕೊಟ್ಟವಳು ಅತ್ತೆ. ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. “ಹುಡುಗಿ ವಿಷಯ ಪ್ರಾರ್ಥನ್ಯಾಗ ಐತ್ರಿ. ಉತ್ತರ ಬರೂ ತನಕ ಲಗ್ನದ ಮಾತು ಎತ್ತಬಾರದು. ಸಭಿ ಒಪ್ಪೂದಿಲ್ಲ.” ಹಾಗೊಂದು ನಿಯಮ ನಮ್ಮ ಸಭೆಯಲ್ಲಿ ಇಲ್ಲ. ಅವರು ಕೆಲವು ವಾರ ಕಾದು ಬೇರೆ ಕಡೆ ಹೆಣ್ಣು ನೋಡಿಕೊಂಡರು. ಅತ್ತೆ ನನಗಾಗಿ ಹಾಗೆ ಹೇಳಿದಳೋ, ತಾನು ಇಟ್ಟ ವಿಷಯ ಅರ್ಧಕ್ಕೆ ನಿಂತರೆ ಸಭೆಯಲ್ಲಿ ತನ್ನ ಮಾನ ಹೋಗುತ್ತದೆಂದು ಹೇಳಿದಳೋ, ಅಥವಾ ಆ ಟೈರಿನ ಅಂಗಡಿಯ ಬಗ್ಗೆ ಏನಾದರೂ ಹೊಸದು ಕೇಳಿಸಿಕೊಂಡಿದ್ದಳೋ, ನನಗೆ ಗೊತ್ತಿಲ್ಲ. ಕೇಳಿದರೆ, “ನನಗೇನು ಗೊತ್ತವಾ, ದೇವ್ರ ಚಿತ್ತ,” ಎಂದು ಸೆರಗು ಜಾಡಿಸಿದಳು.

ಅಂದು ಮನೆಕೂಟದಲ್ಲಿ ಬೇಕೆಂದೇ ಅಪ್ಪನನ್ನು ಕಟ್ಟಿಹಾಕಿದಳೇ ಎಂದು ಆಗ ನನಗೆ ಹೊಳೆಯಿತು. ಎಲ್ಲರ ಮುಂದೆ ಇಟ್ಟರೆ ತಮ್ಮ ಹಿಂದೆ ಸರಿಯಲಾರ ಎಂದು ಆಕೆಗೆ ಗೊತ್ತಿತ್ತೇ? ಆಕೆಗೆ ಅಷ್ಟು ತಲೆ ಇದೆ ಎಂದು ನಾನು ನಂಬುವುದಿಲ್ಲ. ಇಲ್ಲ ಎಂದೂ ನಂಬುವುದಿಲ್ಲ.

ನಾನು ಪರೀಕ್ಷೆ ಬರೆದೆ. ಪರೀಕ್ಷೆಯ ಹಾಲ್‌ಗೆ ಹೊರಡುವ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗದೆ ಬಾಗಿಲಲ್ಲಿ ನಿಂತಿದ್ದ. ಬ್ರಷ್ ಹಿಡಿದು ಹಿಡಿದು ಗಟ್ಟಿಯಾದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟು ತೆಗೆದ. ಪ್ರಶ್ನೆಪತ್ರಿಕೆ ತೆರೆದೆ. ಮೊದಲ ಲೆಕ್ಕದಲ್ಲಿ ಯಾವುದೋ ಕಾರ್ಖಾನೆಯ ಕೂಲಿಗಳ ಅಂಕಿಗಳಿದ್ದವು. ನಾನು ಅವುಗಳ ಜಾಗದಲ್ಲಿ ನಮ್ಮ ಸಭೆಯವರನ್ನು ಮಂಡಿಯೂರಿಸಿ ಕೂರಿಸಿಕೊಂಡೆ. ಆಮೇಲೆ ಬರೆಯತೊಡಗಿದೆ.

ಪಾಸಾದೆ. ಮೇಲೆಯೂ ಅಲ್ಲ, ಅಂಚಿನಲ್ಲೂ ಅಲ್ಲ. ಕೊನೆಯ ವರ್ಷ ಯಾವುದರಲ್ಲೂ ಬೀಳಲಿಲ್ಲ. ಮೈಸೂರಿನವನು ಅಷ್ಟರಲ್ಲಿ ಪುಣೆಗೆ ವರ್ಗವಾಗಿ ಹೋಗಿದ್ದ. ಸಭೆಗೆ ಹೇಳದೆಯೇ ಹೋದ. ಫೋನ್ ಮಾಡಿ ಪಾಸಾದೆ ಎಂದು ಹೇಳಿದಾಗ, “ನಿಮ್ಮತ್ತೆ ಮುಖ ಹೇಗಿತ್ತು?” ಎಂದಷ್ಟೇ ಕೇಳಿದ. ತನ್ನ ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ಬೀದಿಯಿಡೀ ಸಾರುತ್ತಿದ್ದಾಳೆ ಎಂದೆ. ಅವನು ಒಂದು ಬೈಗುಳ ಬೈದು, ನಕ್ಕು, ಫೋನಿಟ್ಟ.

ದೇವರು ಕುಂದಿರುವವರನ್ನು ಬಳಸುತ್ತಾನೆ ಎಂಬ ಮಾತನ್ನು ನಾನು ಈಗ ಅಲ್ಲಗಳೆಯುವುದಿಲ್ಲ. ನನಗೆ ಸಿಕ್ಕವರನ್ನು ನೋಡಿದರೆ ಅಲ್ಲಗಳೆಯಲು ಬರುವುದೂ ಇಲ್ಲ. ಗುಟ್ಟು ಉಳಿಸಿಕೊಳ್ಳಲಾರದ ಅತ್ತೆ, ಹಗೆಗಾಗಿ ಪಾಠ ಹೇಳಿದ ಮೇಷ್ಟ್ರು, ಮಾನಕ್ಕೆ ಅಂಜಿ ಸುಳ್ಳು ಹೇಳಿದ ಅಪ್ಪ. ಇವರಲ್ಲಿ ಯಾರೊಬ್ಬರು ಸ್ವಲ್ಪ ಒಳ್ಳೆಯವರಾಗಿದ್ದರೂ ನಾನು ಇವತ್ತು ಜಹೀರಾಬಾದಿನಲ್ಲಿ ಇರುತ್ತಿದ್ದೆ. ಆದರೆ ಆ ಮಾತನ್ನು ಬಳಸಲ್ಪಟ್ಟವರು ತಾವೇ ಹೇಳಿಕೊಂಡರೆ ನನಗೆ ಆಗುವುದಿಲ್ಲ. ಅದು ನೆವವಾಗಿಬಿಡುತ್ತದೆ. ಹೇಳುವ ಹಕ್ಕಿದ್ದರೆ ಅವರ ಕೈಯಿಂದ ಏಟನ್ನೂ ಅನ್ನವನ್ನೂ ಎರಡನ್ನೂ ತಿಂದವರಿಗೆ ಇದೆ. ನಾನು ತಿಂದಿದ್ದೇನೆ, ಹೇಳುತ್ತಿದ್ದೇನೆ. ದೇವರಿಗೂ ಇದು ಮೊದಲೇ ತಿಳಿದಿತ್ತೋ, ಆಮೇಲೆ ಹೊಂದಿಸಿಕೊಂಡನೋ ಎಂಬ ಅನುಮಾನವನ್ನು ಮಾತ್ರ ಬಿಟ್ಟಿಲ್ಲ.

ಪ್ರಾವಿಷನಲ್ ಸರ್ಟಿಫಿಕೇಟನ್ನು ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು ತಲೆಯೆತ್ತದೆ ಕೊಟ್ಟಿದ್ದರು. ನಮ್ಮಲ್ಲಿ ಅದು ಕೊಟ್ಟ ಹಾಗೆ ಅಲ್ಲ. ಹೊಸ ಕೆಲಸದ ಆರ್ಡರ್ ಇರಲಿ, ಹೊಸ ಗಾಡಿಯ ಕೀಲಿ ಇರಲಿ, ಮೊದಲು ಆಲಯದ ಮೇಜಿನ ಮೇಲೆ ಇಡಬೇಕು. ಪಾಸ್ಟರ್ ಪ್ರಾರ್ಥಿಸಬೇಕು. ಆಮೇಲೆ ಮನೆಯ ಹಿರಿಯರೊಬ್ಬರು ಅದನ್ನು ಎತ್ತಿ ಕೊಡಬೇಕು. ಆ ವಾರವಿಡೀ ಅಪ್ಪ ಮನೆಯಲ್ಲಿ, “ಆತಲ್ಲ, ಇನ್ನ ಲಗ್ನದ್ದು ನೋಡೂಣು,” ಎನ್ನುತ್ತಿದ್ದ. ಎಂ.ಕಾಂ. ಮಾಡುವ ಆಸೆಯನ್ನು ನಾನು ಅವ್ವನಿಗೆ ಮಾತ್ರ ಹೇಳಿದ್ದೆ. ಭಾನುವಾರ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ.

ಪಾಸ್ಟರ್ ಅಪ್ಪನನ್ನು ಕರೆದರು. ಅಪ್ಪ ಎದ್ದವನು ನಿಂತ, ಉಗುರಿನ ಸಂದಿಯ ಬಣ್ಣ ನೋಡಿಕೊಂಡ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಅಕ್ಕ ಕೊಡ್ಲಿ,” ಎಂದ. ಅತ್ತೆ ಆಗಲೇ ಎದ್ದು ಅರ್ಧ ದಾರಿ ಬಂದಿದ್ದಳು.

ಆಕೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸರ್ಟಿಫಿಕೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮೊಹರನ್ನು ಬೆರಳಿನಿಂದ ಉಜ್ಜಿ, ಬಣ್ಣ ಹತ್ತುತ್ತದೆಯೋ ಎಂದು ಬೆರಳು ನೋಡಿಕೊಂಡಳು. ಸಭೆ ನಕ್ಕಿತು. ಖಾತ್ರಿಯಾದ ಮೇಲೆ ನನ್ನ ಎರಡೂ ಕೈಗಳಲ್ಲಿ ಇಟ್ಟು, ಆಶೀರ್ವಾದ ಮಾಡುವವಳ ಹಾಗೆ ನನ್ನ ತಲೆ ಹಿಡಿದು ಬಗ್ಗಿಸಿ, ಕಿವಿಯಲ್ಲಿ ಹೇಳಿದಳು:

“ನಿನ್ನ ಎಂ.ಕಾಂ. ವಿಷಯ ಬರೂ ಶನಿವಾರದ ಕೂಟಕ್ಕ ಇಟ್ಟೀನಿ. ನಿಮ್ಮಪ್ಪಗ ಇನ್ನಾ ಗೊತ್ತಿಲ್ಲ.”